ಕೆಟ್ಟ ಸುದ್ದಿ ಬೇಗ ತಲುಪುವ ತಂಡ: ಸಾಫ್ಟ್‌ವೇರ್ ಅಭಿವೃದ್ಧಿಯಲ್ಲಿ ಆರೋಗ್ಯಕರ ಕಾರ್ಯಸಂಸ್ಕೃತಿ ಮತ್ತು ಅಜೈಲ್ ಪದ್ಧತಿ ರೂಢಿಸುವ ಬಗೆ

ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ತಂಡದಲ್ಲಿ ಅಜೈಲ್ ಪದ್ಧತಿಯ, ಅಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟುತ್ತ ಆಗಾಗ ತಿದ್ದಿಕೊಳ್ಳುವ ಕ್ರಮದ, ಹೊರಲಕ್ಷಣಗಳೆಲ್ಲವೂ ಇದ್ದವು. ಪ್ರತಿದಿನ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಎಂಬ ಕಿರು ಸಭೆ ತಪ್ಪದೆ ನಡೆಯುತ್ತಿತ್ತು, ಎರಡು ವಾರಕ್ಕೊಂದು ಸ್ಪ್ರಿಂಟ್ ಎಂಬ ಕೆಲಸದ ಸುತ್ತು ಮುಗಿಯುತ್ತಿತ್ತು, ಬೋರ್ಡಿನ ಮೇಲೆ ಒಂದೊಂದು ಕೆಲಸವನ್ನು ಸೂಚಿಸುವ ಕಾರ್ಡುಗಳು ಎಡದಿಂದ ಬಲಕ್ಕೆ ಸರಿಯುತ್ತಲೇ ಇದ್ದವು. ಆದರೂ ಬಿಡುಗಡೆಗೆ ಕೇವಲ 4 ದಿನ ಉಳಿದಿದ್ದಾಗ, ಹೊರಗಿನ ಒಂದು ಸೇವೆಯೊಂದಿಗೆ ನಮ್ಮ ವ್ಯವಸ್ಥೆಯನ್ನು ಬೆಸೆಯುವ ಭಾಗ ಕೆಲಸ ಮಾಡುವುದೇ ಇಲ್ಲವೆಂಬುದು ಬಯಲಾಯಿತು. ಆಮೇಲೆ ವಿಚಾರಿಸಿದಾಗ, ಆ ಭಾಗವನ್ನು ಬರೆಯುತ್ತಿದ್ದ ಎಂಜಿನಿಯರ್‌ಗೆ ಈ ಅನುಮಾನ 7 ವಾರಗಳ ಹಿಂದೆಯೇ ಹುಟ್ಟಿತ್ತೆಂದು ತಿಳಿಯಿತು. ಅಷ್ಟು ದಿನ ಅವರು ಪ್ರತಿ ಸ್ಟ್ಯಾಂಡ್‌ಅಪ್‌ನಲ್ಲಿಯೂ ಕೆಲಸ ನಡೆಯುತ್ತಿದೆ ಎಂದಷ್ಟೇ ಹೇಳಿದ್ದರು. ಹಿಂದೊಮ್ಮೆ ಇಂಥದೇ ತೊಡಕನ್ನು ಮುಂಚಿತವಾಗಿ ಹೇಳಿದ ಸಹೋದ್ಯೋಗಿಯೊಬ್ಬರು ಎಲ್ಲರೆದುರು ಬೈಸಿಕೊಂಡದ್ದನ್ನು ಅವರು ಕಂಡಿದ್ದರು.

ಆ ದಿನದಿಂದ ನಾನು ಯಾವುದೇ ತಂಡದ ಆರೋಗ್ಯವನ್ನು ಒಂದೇ ಪ್ರಶ್ನೆಯಿಂದ ಅಳೆಯುತ್ತ ಬಂದಿದ್ದೇನೆ: ಕೆಟ್ಟ ಸುದ್ದಿಯೊಂದು ಮೊದಲು ತಿಳಿದವರಿಂದ, ಅದರ ಬಗ್ಗೆ ಏನಾದರೂ ಮಾಡಬಲ್ಲವರ ತನಕ ತಲುಪಲು ಎಷ್ಟು ಕಾಲ ಬೇಕಾಗುತ್ತದೆ? 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆಯನ್ನು ರೂಪಿಸಿದಾಗ, ಅದರ 4 ಮೌಲ್ಯಗಳಲ್ಲಿ ಮೊದಲನೆಯದಾಗಿ ಇಟ್ಟದ್ದು ವ್ಯಕ್ತಿಗಳಿಗೂ ಅವರ ನಡುವಿನ ಒಡನಾಟಕ್ಕೂ ಪ್ರಕ್ರಿಯೆ ಮತ್ತು ಸಾಧನಗಳಿಗಿಂತ ಹೆಚ್ಚಿನ ಬೆಲೆ ಕೊಡಬೇಕೆಂಬ ಮಾತನ್ನು. ಸ್ಪ್ರಿಂಟ್, ಬೋರ್ಡ್, ಸ್ಟ್ಯಾಂಡ್‌ಅಪ್ ಎಲ್ಲವೂ ವಾಸ್ತವ ಸ್ಥಿತಿ ಬೇಗ ಕಾಣಿಸಲೆಂದು ಹುಟ್ಟಿದ ಏರ್ಪಾಡುಗಳು. ಅದನ್ನು ಬಚ್ಚಿಡಲು ಜನರಿಗೆ ಕಾರಣವಿದ್ದರೆ ಈ ಏರ್ಪಾಡುಗಳು ಬಚ್ಚಿಡುವುದಕ್ಕೇ ನೆರವಾಗುತ್ತವೆ. ಆದ್ದರಿಂದ ಮುಂದಿನ ಹೆಜ್ಜೆಗಳನ್ನು ಇಲ್ಲಿರುವ ಕ್ರಮದಲ್ಲೇ ಇಡಬೇಕೆಂದು ನನ್ನ ಸಲಹೆ.

ಮೊದಲು ಈಗಿನ ಸ್ಥಿತಿಯನ್ನು ಅಳೆಯಿರಿ

ಹೊಸ ಪದ್ಧತಿಯನ್ನು ಘೋಷಿಸುವ ಮುನ್ನ ಕಳೆದ ಆರು ತಿಂಗಳಲ್ಲಿ ತಂಡವನ್ನು ಬೆಚ್ಚಿಬೀಳಿಸಿದ 3 ಅಥವಾ 4 ಘಟನೆಗಳನ್ನು ಆರಿಸಿಕೊಳ್ಳಿ. ತಪ್ಪಿದ ಗಡುವು, ಪ್ರೊಡಕ್ಷನ್‌ನಲ್ಲಿ (ಬಳಕೆದಾರರು ನಿಜವಾಗಿ ಬಳಸುವ ವ್ಯವಸ್ಥೆಯಲ್ಲಿ) ಕಾಣಿಸಿಕೊಂಡ ದೊಡ್ಡ ದೋಷ, ಬರೆದು ಮುಗಿಸಿದ ಮೇಲೆ ಬೇಡವೆನಿಸಿದ ಸೌಲಭ್ಯ, ಹೀಗೆ ಯಾವುದಾದರೂ ಆಗಬಹುದು. ಪ್ರತಿಯೊಂದಕ್ಕೂ ಎರಡು ದಿನಾಂಕಗಳನ್ನು ಬರೆಯಿರಿ: ತಂಡದಲ್ಲಿ ಯಾರಾದರೂ ಒಬ್ಬರಿಗೆ ಅನುಮಾನ ಹುಟ್ಟಿದ ದಿನ ಮತ್ತು ಅದು ಇಡೀ ತಂಡದ ಮುಂದೆ ಬಾಯಿಬಿಟ್ಟು ಹೇಳಲ್ಪಟ್ಟ ದಿನ. ಮೊದಲನೆಯ ದಿನಾಂಕ ತಿಳಿಯಬೇಕಾದರೆ ಒಬ್ಬೊಬ್ಬರೊಂದಿಗೂ ಪ್ರತ್ಯೇಕವಾಗಿ ಕುಳಿತು ಮಾತನಾಡಬೇಕಾಗುತ್ತದೆ, ಮತ್ತು ಹೇಳಿದ್ದನ್ನು ಯಾರ ವಿರುದ್ಧವೂ ಬಳಸುವುದಿಲ್ಲವೆಂದು ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಾಗುತ್ತದೆ. ಈ ಎರಡು ದಿನಾಂಕಗಳ ನಡುವಿನ ಅಂತರವೇ ನಿಮ್ಮ ಆರಂಭದ ಅಳತೆ. ಅದು ಗಂಟೆಗಳಲ್ಲಿದ್ದರೆ ನೇರವಾಗಿ ಕೆಲಸದ ಗಾತ್ರದ ವಿಚಾರಕ್ಕೆ ಹೋಗಬಹುದು. ವಾರಗಳಲ್ಲಿದ್ದರೆ ಮುಂದಿನ ಹೆಜ್ಜೆಯನ್ನು ದಾಟಿ ಹೋಗುವಂತಿಲ್ಲ.

ಮುಂದಾಳುವಿನ ನಡತೆ ಮೊದಲು ಬದಲಾಗಬೇಕು

ಸಂಶೋಧಕಿ ಆ್ಯಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ನೀಡಿಕೆಯ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ತಪ್ಪುಗಳು ಕಡಿಮೆ ದಾಖಲಾಗಿರುತ್ತವೆ ಎಂಬ ನಿರೀಕ್ಷೆಯಿತ್ತು. ದೊರೆತ ಫಲಿತಾಂಶ ಇದಕ್ಕೆ ತದ್ವಿರುದ್ಧವಾಗಿತ್ತು: ಉತ್ತಮ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅವರು ತಲುಪಿದ ವಿವರಣೆಯೆಂದರೆ, ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಜನ ಹಿಂಜರಿಯುತ್ತಿರಲಿಲ್ಲ. 1999ರ ಪ್ರಬಂಧದಲ್ಲಿ ಅವರು ಇದನ್ನು ತಂಡದ ಮಾನಸಿಕ ಸುರಕ್ಷತೆ ಎಂಬ ಪರಿಕಲ್ಪನೆಯಾಗಿ ಬೆಳೆಸಿದರು. 2012ರಲ್ಲಿ ಗೂಗಲ್ ತನ್ನದೇ ತಂಡಗಳ ಮೇಲೆ ಆರಂಭಿಸಿದ ಪ್ರಾಜೆಕ್ಟ್ ಅರಿಸ್ಟಾಟಲ್ ಅಧ್ಯಯನವೂ ತಂಡದ ಪರಿಣಾಮಕಾರಿತ್ವಕ್ಕೆ ಕಾರಣವಾಗುವ ಅಂಶಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು.

ಮಾನಸಿಕ ಸುರಕ್ಷತೆ ಎಂದರೆ ಎಲ್ಲರೂ ಎಲ್ಲದಕ್ಕೂ ಒಪ್ಪಿಕೊಂಡು ನಯವಾಗಿ ಇರುವುದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸುರಕ್ಷಿತ ತಂಡದಲ್ಲಿ ಭಿನ್ನಾಭಿಪ್ರಾಯ ಹೆಚ್ಚಾಗಿಯೇ ಕೇಳಿಸುತ್ತದೆ, ಏಕೆಂದರೆ ಅದನ್ನು ಹೇಳುವುದರಿಂದ ಹೇಳಿದವರಿಗೆ ನಷ್ಟವಾಗುವುದಿಲ್ಲ. ಇದನ್ನು ಬೆಳೆಸುವುದು ಮುಖ್ಯವಾಗಿ ತಂಡದ ಮುಂದಾಳುವಿನ, ಅಂದರೆ ಟೆಕ್ ಲೀಡ್ ಅಥವಾ ಮ್ಯಾನೇಜರ್‌ನ ದಿನನಿತ್ಯದ ನಡತೆ. ನೀವು ಆ ಸ್ಥಾನದಲ್ಲಿದ್ದರೆ ಮೂರು ಅಭ್ಯಾಸಗಳನ್ನು ಈ ವಾರದಿಂದಲೇ ಹಿಡಿಯಬಹುದು. ಯಾರಾದರೂ ತೊಡಕೊಂದನ್ನು ತಿಳಿಸಿದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಬೇಗ ಹೇಳಿದ್ದಕ್ಕೆ ಕೃತಜ್ಞತೆಯಾಗಿರಲಿ, ಎರಡನೆಯದು ನಿಮಗೇನು ನೆರವು ಬೇಕು ಎಂಬ ಪ್ರಶ್ನೆಯಾಗಿರಲಿ. ಹೀಗೇಕಾಯಿತು ಎಂಬ ಪ್ರಶ್ನೆಯನ್ನು ತೊಡಕು ಬಗೆಹರಿದ ನಂತರಕ್ಕೆ ಉಳಿಸಿಕೊಳ್ಳಿ. ಎರಡನೆಯದಾಗಿ, ನಿಮ್ಮ ಸ್ವಂತ ತಪ್ಪು ಲೆಕ್ಕಾಚಾರಗಳನ್ನು ತಂಡದ ಮುಂದೆ ಹೆಸರಿಟ್ಟು ಹೇಳಿ. ಹಿರಿಯರು ಹೇಳಿಕೊಳ್ಳದ ತಪ್ಪನ್ನು ಕಿರಿಯರು ಎಂದೂ ಹೇಳಿಕೊಳ್ಳುವುದಿಲ್ಲ. ಮೂರನೆಯದಾಗಿ, ಸಭೆಯಲ್ಲಿ ನಿಮ್ಮ ಅಭಿಪ್ರಾಯವನ್ನು ಕೊನೆಯಲ್ಲಿ ಹೇಳಿ. ಮುಂದಾಳು ಮೊದಲು ಮಾತನಾಡಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ, ಹೊಸದಾಗಿ ಸೇರಿದವರ ಬಳಿ ಇರಬಹುದಾದ ಬೆಲೆಬಾಳುವ ಅನುಮಾನ ಹೊರಬರುವುದೇ ಇಲ್ಲ.

ಒಂದೇ ಒಂದು ಸಲ ಕೆಟ್ಟ ಸುದ್ದಿ ತಂದವರನ್ನು ಎಲ್ಲರೆದುರು ಗದರಿದರೆ ತಿಂಗಳುಗಳ ಪ್ರಯತ್ನ ಮಣ್ಣುಪಾಲಾಗುತ್ತದೆ. ಹಾಗೆ ಆಗಿಯೇ ಹೋದರೆ, ಅಷ್ಟೇ ಜನರ ಎದುರು ಕ್ಷಮೆ ಕೇಳುವುದೊಂದೇ ದಾರಿ. ನಾನು ಒಮ್ಮೆ ಹಾಗೆ ಕೇಳಬೇಕಾಯಿತು. ಅದು ಕಷ್ಟವಾಗಿತ್ತು, ಆದರೆ ಅದರ ನಂತರದ ವಾರದಲ್ಲೇ ಇಬ್ಬರು ತಾವಾಗಿ ಬಂದು ಅದುವರೆಗೆ ಹೇಳದಿದ್ದ ತೊಂದರೆಗಳನ್ನು ಹೇಳಿದರು.

ತಂಡದ ಗಾತ್ರ

ಅಜೈಲ್ ಪದ್ಧತಿಯ ಜನಪ್ರಿಯ ಚೌಕಟ್ಟಾದ ಸ್ಕ್ರಮ್‌ನ ಅಧಿಕೃತ ಮಾರ್ಗದರ್ಶಿಯ 2020ರ ಆವೃತ್ತಿ ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಕಡಿಮೆ ಜನರ ತಂಡವನ್ನು ಸೂಚಿಸುತ್ತದೆ. ಕಾರಣ ಸರಳ ಗಣಿತದ್ದು. 5 ಜನರಿದ್ದಲ್ಲಿ ಇಬ್ಬಿಬ್ಬರ ನಡುವಿನ ಸಂಪರ್ಕಗಳು 10, ಜನ 10 ಆದರೆ ಅವು 45. ವಿಳಂಬವಾಗಿರುವ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ವಿಳಂಬವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿ ಹೇಳಿದ ಮಾತಿನ ಹಿಂದೆ ಈ ಲೆಕ್ಕವೂ ಇದೆ. ತಂಡ ದೊಡ್ಡದಿದ್ದರೆ ಅದನ್ನು ಒಡೆಯಿರಿ. ಆದರೆ ಡೇಟಾಬೇಸ್ ತಂಡ, ಪರದೆ ತಂಡ, ಟೆಸ್ಟಿಂಗ್ ತಂಡ ಎಂದು ಕೌಶಲದ ಮೇಲೆ ಒಡೆಯದೆ, ಬಳಕೆದಾರರಿಗೆ ಪ್ರಯೋಜನವಾಗುವ ಒಂದೊಂದು ಭಾಗವನ್ನು ಒಂದೊಂದು ತಂಡ ಆರಂಭದಿಂದ ಕೊನೆಯವರೆಗೆ ತಾನೇ ಮುಗಿಸಬಲ್ಲಂತೆ ಒಡೆಯಿರಿ.

ಕೆಲಸವನ್ನು ಉದ್ದುದ್ದವಾಗಿ ಸೀಳಿರಿ

ಇಡೀ ಪದ್ಧತಿಯಲ್ಲಿ ಕಲಿಯಲು ಅತ್ಯಂತ ಕಷ್ಟವಾದ, ಕಲಿತರೆ ಅತ್ಯಂತ ಹೆಚ್ಚು ಫಲ ಕೊಡುವ ಕೌಶಲ ಇದೆಂದು ನಾನು ನಂಬಿದ್ದೇನೆ. ದೊಡ್ಡ ಕೆಲಸದಲ್ಲಿ ಕೆಟ್ಟ ಸುದ್ದಿಗೆ ಅಡಗಿಕೊಳ್ಳಲು ಜಾಗ ಹೆಚ್ಚು. 6 ವಾರಗಳ ಕೆಲಸದ ಮೂರನೆಯ ವಾರದಲ್ಲಿ ಅರ್ಧ ಮುಗಿದಿದೆ ಎಂದು ಹೇಳಿದರೆ ಅದನ್ನು ಅಲ್ಲಗಳೆಯಲು ಯಾರ ಬಳಿಯೂ ಆಧಾರವಿರುವುದಿಲ್ಲ, ಹೇಳಿದವರ ಬಳಿಯೂ ಇರುವುದಿಲ್ಲ. 2 ದಿನಗಳ ಕೆಲಸ ಮೂರನೆಯ ದಿನಕ್ಕೆ ಮುಗಿಯದಿದ್ದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಮತ್ತು ಅಷ್ಟು ಸಣ್ಣ ವಿಳಂಬವನ್ನು ಒಪ್ಪಿಕೊಳ್ಳಲು ಯಾರೂ ಅಂಜಬೇಕಾಗಿಲ್ಲ.

ಉದಾಹರಣೆಗೆ, ಬಳಕೆದಾರರು ತಮ್ಮ ಹಿಂದಿನ ವಹಿವಾಟುಗಳ ವರದಿಯನ್ನು ಇಳಿಸಿಕೊಳ್ಳುವ ಸೌಲಭ್ಯ ಬೇಕಾಗಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ತಂಡಗಳು ಇದನ್ನು ಡೇಟಾಬೇಸ್ ಕೆಲಸ, ಎಪಿಐ (ಪರದೆ ಮತ್ತು ಡೇಟಾಬೇಸ್ ನಡುವೆ ಮಾಹಿತಿ ಸಾಗಿಸುವ ಭಾಗ) ಕೆಲಸ, ಪರದೆಯ ಕೆಲಸ, ಟೆಸ್ಟಿಂಗ್ ಎಂದು ಅಡ್ಡಡ್ಡವಾಗಿ ಕತ್ತರಿಸುತ್ತವೆ. ಹೀಗೆ ಮಾಡಿದರೆ ನಾಲ್ಕೂ ತುಂಡುಗಳು ಸೇರುವ ತನಕ ಯಾವುದನ್ನೂ ಯಾರಿಗೂ ತೋರಿಸಲಾಗದು, ಮತ್ತು ತೊಡಕುಗಳೆಲ್ಲ ಕೊನೆಯಲ್ಲಿ ತುಂಡುಗಳನ್ನು ಜೋಡಿಸುವಾಗಲೇ ತಲೆ ಎತ್ತುತ್ತವೆ. ಬದಲಿಗೆ ಉದ್ದುದ್ದವಾಗಿ ಸೀಳುವುದೆಂದರೆ, ಮೊದಲ ಸೀಳಿನಲ್ಲಿ ಕಳೆದ ತಿಂಗಳ ವಹಿವಾಟುಗಳನ್ನು ಮಾತ್ರ, ಒಂದೇ ನಿಗದಿತ ರೂಪದಲ್ಲಿ, ಒಂದು ಗುಂಡಿ ಒತ್ತಿದರೆ ಸಿಗುವಂತೆ ಮಾಡುವುದು. ಅದರಲ್ಲಿ ಡೇಟಾಬೇಸ್, ಎಪಿಐ, ಪರದೆ, ಟೆಸ್ಟ್ ಎಲ್ಲವೂ ಸ್ವಲ್ಪ ಸ್ವಲ್ಪ ಇರುತ್ತವೆ. ಎರಡನೆಯ ಸೀಳಿನಲ್ಲಿ ದಿನಾಂಕಗಳನ್ನು ಆರಿಸಿಕೊಳ್ಳುವ ಅವಕಾಶ, ಮೂರನೆಯದರಲ್ಲಿ ಇನ್ನೊಂದು ಕಡತ ರೂಪ, ನಾಲ್ಕನೆಯದರಲ್ಲಿ ಲಕ್ಷಾಂತರ ಸಾಲುಗಳಿರುವ ವರದಿಯನ್ನು ಹಿನ್ನೆಲೆಯಲ್ಲಿ ಸಿದ್ಧಪಡಿಸುವ ವ್ಯವಸ್ಥೆ. ಮೊದಲ ಸೀಳನ್ನು ಬಳಸಿ ನೋಡಿದವರು ತಮಗೆ ಎರಡನೆಯ ಕಡತ ರೂಪ ಬೇಕಾಗಿಯೇ ಇಲ್ಲವೆಂದು ಹೇಳುವ ಸಾಧ್ಯತೆಯೂ ಇದೆ, ಆಗ ಒಂದು ಸೀಳಿನಷ್ಟು ಕೆಲಸ ಪೂರ್ತಿ ಉಳಿಯುತ್ತದೆ.

ಸೀಳುವಾಗ ತಂಡಕ್ಕೆ ಅತ್ಯಂತ ಹೆಚ್ಚು ಅನುಮಾನವಿರುವ ಭಾಗವನ್ನು ಮೊದಲ ಸೀಳಿನೊಳಗೆ ತನ್ನಿ. ಸುಲಭವಾದದ್ದನ್ನು ಮೊದಲು ಮುಗಿಸಿ ಒಳ್ಳೆಯ ಆರಂಭ ತೋರಿಸುವ ಆಸೆ ಸಹಜವಾದರೂ, ಅಪಾಯದ ಸಂಗತಿ ಅದರಿಂದ ಗಡುವಿನ ಹತ್ತಿರಕ್ಕೆ ಸರಿಯುತ್ತದೆ. ನಾನು ಆರಂಭದಲ್ಲಿ ಹೇಳಿದ ಯೋಜನೆಯಲ್ಲಿ ಹೊರಗಿನ ಸೇವೆಗೆ ಒಂದೇ ಒಂದು ನಿಜವಾದ ಕರೆ ಕಳುಹಿಸಿ ಉತ್ತರ ಪಡೆಯುವ ಸೀಳನ್ನು ಮೊದಲ ವಾರದಲ್ಲಿ ಮಾಡಿದ್ದರೆ, ಅದು ನಡೆಯುವುದಿಲ್ಲವೆಂಬುದು ಯಾರೂ ಬಾಯಿಬಿಡದೆಯೇ ತಿಳಿಯುತ್ತಿತ್ತು.

ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿಕೊಳ್ಳಿ

ಕಾಯುವ ಸರದಿ ಸಾಲುಗಳ ಗಣಿತದಲ್ಲಿ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮವಿದೆ. ಒಂದು ಸ್ಥಿರವಾದ ವ್ಯವಸ್ಥೆಯೊಳಗೆ ಸರಾಸರಿ ಇರುವ ಕೆಲಸಗಳ ಸಂಖ್ಯೆಯು, ಅವು ಮುಗಿಯುವ ವೇಗ ಮತ್ತು ಪ್ರತಿ ಕೆಲಸ ಒಳಗೆ ಕಳೆಯುವ ಸರಾಸರಿ ಕಾಲದ ಗುಣಲಬ್ಧಕ್ಕೆ ಸಮ. ತಂಡದ ಭಾಷೆಯಲ್ಲಿ ಹೇಳುವುದಾದರೆ, 12 ಕೆಲಸಗಳು ಏಕಕಾಲಕ್ಕೆ ನಡೆಯುತ್ತಿದ್ದು ವಾರಕ್ಕೆ 4 ಮುಗಿಯುತ್ತಿದ್ದರೆ ಒಂದೊಂದು ಕೆಲಸಕ್ಕೂ ಸರಾಸರಿ 3 ವಾರ ಬೇಕು. ಮುಗಿಯುವ ವೇಗ ಹಾಗೆಯೇ ಇದ್ದು ಕೈಯಲ್ಲಿರುವುದನ್ನು 6ಕ್ಕೆ ಇಳಿಸಿದರೆ ಒಂದೂವರೆ ವಾರ ಸಾಕು. ಕೆಲಸದ ಹಂತಗಳನ್ನು ಕಾಲಮ್‌ಗಳಾಗಿ ತೋರಿಸುವ ಕಾನ್ಬಾನ್ ಬೋರ್ಡಿನಲ್ಲಿ ಪ್ರತಿ ಕಾಲಮ್‌ಗೆ ಮಿತಿ ಬರೆಯುವುದರ ಹಿಂದಿನ ತರ್ಕ ಇದೇ.

ಆರಂಭಕ್ಕೆ ತಂಡದ ಜನಸಂಖ್ಯೆಗಿಂತ ಒಂದು ಕಡಿಮೆ ಮಿತಿ ಇಟ್ಟುಕೊಳ್ಳಿ. ಹಾಗೆ ಮಾಡಿದಾಗ ಕನಿಷ್ಠ ಇಬ್ಬರಾದರೂ ಒಂದೇ ಕೆಲಸದ ಮೇಲೆ ಜೊತೆಗೂಡಬೇಕಾಗುತ್ತದೆ. ಮಿತಿ ತುಂಬಿದಾಗ ಹೊಸದನ್ನು ಎತ್ತಿಕೊಳ್ಳದೆ, ನಿಂತುಹೋದ ಒಂದನ್ನು ಮುಗಿಸಲು ಕೈಜೋಡಿಸುವುದು ನಿಯಮ. ಮೊದಲ ವಾರ ಕೆಲವರಿಗೆ ಸುಮ್ಮನೆ ಕುಳಿತಂತೆ ಅನಿಸುವುದರಿಂದ ಮುಜುಗರವಾಗುತ್ತದೆ, ಮೇಲಿನವರೂ ಪ್ರಶ್ನಿಸಬಹುದು. ಎರಡು ಮೂರು ವಾರ ತಾಳಿಕೊಳ್ಳಿ, ಮುಗಿದ ಕೆಲಸಗಳ ಸಂಖ್ಯೆಯನ್ನೇ ಉತ್ತರವಾಗಿ ಮುಂದಿಡಬಹುದು.

‘ಮುಗಿದಿದೆ’ ಎಂಬ ಮಾತಿಗೆ ಒಂದೇ ಅರ್ಥವಿರಲಿ

ಕೋಡ್ ಬರೆದವರಿಗೆ ಮುಗಿದಿದೆ ಎಂದರೆ ತಮ್ಮ ಕಂಪ್ಯೂಟರಿನಲ್ಲಿ ನಡೆಯಿತು ಎಂದು, ಟೆಸ್ಟರ್‌ಗೆ ಪರೀಕ್ಷೆ ದಾಟಿತು ಎಂದು, ಏನು ಕಟ್ಟಬೇಕೆಂದು ನಿರ್ಧರಿಸುವ ಪ್ರೊಡಕ್ಟ್ ಓನರ್‌ಗೆ ಬಳಕೆದಾರರ ಕೈಗೆ ಸಿಕ್ಕಿತು ಎಂದು. ಒಂದೇ ಪದಕ್ಕೆ ಮೂರು ಅರ್ಥಗಳಿರುವ ತನಕ ಯಾರೂ ಸುಳ್ಳು ಹೇಳದೆಯೂ ಸುಳ್ಳು ಚಿತ್ರ ಹುಟ್ಟುತ್ತದೆ. ಇಡೀ ತಂಡ ಒಂದು ಗಂಟೆ ಕುಳಿತು ಐದಾರು ಸಾಲಿನ ಒಪ್ಪಂದ ಬರೆಯಲಿ: ಇನ್ನೊಬ್ಬರು ಕೋಡ್ ಓದಿದ್ದಾರೆ, ಸ್ವಯಂಚಾಲಿತ ಟೆಸ್ಟ್‌ಗಳು ಸೇರಿವೆ ಮತ್ತು ದಾಟಿವೆ, ಎಲ್ಲರ ಕೋಡ್ ಒಂದಾಗುವ ಮುಖ್ಯ ಶಾಖೆಯಲ್ಲಿ ವಿಲೀನವಾಗಿದೆ, ಪ್ರೊಡಕ್ಷನ್‌ನಂತಹ ಪರಿಸರದಲ್ಲಿ ಓಡಿದೆ, ವಿಫಲವಾದರೆ ತಿಳಿಯುವ ಎಚ್ಚರಿಕೆ ವ್ಯವಸ್ಥೆ ಇದೆ. ಇವೆಲ್ಲ ಆಗದ ಕಾರ್ಡ್ ಬಲಗಡೆಯ ಕಾಲಮ್‌ಗೆ ಹೋಗಬಾರದು.

ಇದರ ಜೊತೆಗೆ ಪ್ರತಿಯೊಬ್ಬರ ಕೋಡ್ ದಿನಕ್ಕೊಮ್ಮೆಯಾದರೂ ಮುಖ್ಯ ಶಾಖೆಗೆ ಸೇರಿ, ಪ್ರತಿ ಸೇರ್ಪಡೆಗೂ ಬಿಲ್ಡ್ (ಕೋಡನ್ನು ಓಡಬಲ್ಲ ರೂಪಕ್ಕೆ ತರುವ ಕ್ರಿಯೆ) ಮತ್ತು ಟೆಸ್ಟ್‌ಗಳು ತಾವಾಗಿ ಓಡುವಂತೆ ಏರ್ಪಾಡು ಮಾಡಿ. ಬಿಲ್ಡ್ ಮುರಿದಾಗ ಮುರಿದವರ ಹೆಸರು ಹುಡುಕುವ ಬದಲು ಅದನ್ನು ಹತ್ತು ನಿಮಿಷದೊಳಗೆ ಸರಿಪಡಿಸುವುದು ಅಥವಾ ಬದಲಾವಣೆಯನ್ನು ಹಿಂತೆಗೆದುಕೊಳ್ಳುವುದು ವಾಡಿಕೆಯಾಗಲಿ. ಯಂತ್ರ ತರುವ ಕೆಟ್ಟ ಸುದ್ದಿಗೆ ಸಂಕೋಚವಿಲ್ಲ, ಆದರೆ ಅದನ್ನು ಕೇಳಿಸಿಕೊಳ್ಳುವವರು ಬೇಕು. ಆಗಾಗ ಕಾರಣವಿಲ್ಲದೆ ವಿಫಲವಾಗುವ ಟೆಸ್ಟ್‌ಗಳನ್ನು ಹಾಗೆಯೇ ಬಿಟ್ಟರೆ ಜನರು ಎಲ್ಲ ಕೆಂಪು ಗುರುತುಗಳನ್ನೂ ಕಡೆಗಣಿಸಲು ಕಲಿಯುತ್ತಾರೆ, ಆದ್ದರಿಂದ ಅಂಥವುಗಳನ್ನು ಆ ವಾರವೇ ಸರಿಮಾಡಿ ಅಥವಾ ತೆಗೆದುಹಾಕಿ.

ಸ್ಟ್ಯಾಂಡ್‌ಅಪ್ ಮತ್ತು ಕೋಡ್ ರಿವ್ಯೂ

ಸ್ಟ್ಯಾಂಡ್‌ಅಪ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 15 ನಿಮಿಷ ಮೀರದಿರಲಿ. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಅಡ್ಡಿಯೇನು ಎಂಬ ಮೂರು ಪ್ರಶ್ನೆಗಳನ್ನು ಸ್ಕ್ರಮ್ ಮಾರ್ಗದರ್ಶಿಯೇ 2020ರಲ್ಲಿ ಕೈಬಿಟ್ಟಿದೆ. ಅವು ಸುಲಭವಾಗಿ ಮ್ಯಾನೇಜರ್‌ಗೆ ಒಪ್ಪಿಸುವ ವರದಿಗಳಾಗಿಬಿಡುತ್ತವೆ. ಒಬ್ಬೊಬ್ಬ ವ್ಯಕ್ತಿಯನ್ನು ಕೇಳುವ ಬದಲು ಬೋರ್ಡಿನ ಬಲತುದಿಯಿಂದ ಆರಂಭಿಸಿ ಒಂದೊಂದು ಕಾರ್ಡನ್ನೂ ಕೇಳಿ: ಇದು ಮುಂದೆ ಸರಿಯಲು ಏನು ಬೇಕು?

ಕೋಡ್ ರಿವ್ಯೂ, ಅಂದರೆ ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ನೋಡುವ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಸಂಸ್ಕೃತಿ ಪ್ರತಿದಿನ ಬರಹದಲ್ಲಿ ಕಾಣಿಸುವ ಜಾಗ ಅದು. ಪುಲ್ ರಿಕ್ವೆಸ್ಟ್ (ವಿಲೀನಕ್ಕೆ ಮುನ್ನ ಓದಲು ಕೊಡುವ ಬದಲಾವಣೆ) ಸಣ್ಣದಿರಲಿ, ಕೆಲವು ನೂರು ಸಾಲು ದಾಟಿದರೆ ಓದುವವರು ಓದುವುದನ್ನು ನಿಲ್ಲಿಸಿ ಒಪ್ಪಿಗೆ ಒತ್ತಲು ತೊಡಗುತ್ತಾರೆ. ಒಂದು ಕೆಲಸದ ದಿನದೊಳಗೆ ಮೊದಲ ಪ್ರತಿಕ್ರಿಯೆ ಬರುವಂತೆ ತಂಡ ಒಪ್ಪಿಕೊಳ್ಳಲಿ. ಟಿಪ್ಪಣಿ ಬರೆಯುವಾಗ ಅದು ಕಡ್ಡಾಯವೋ, ಸಲಹೆಯೋ, ಕೇವಲ ಪ್ರಶ್ನೆಯೋ ಎಂಬುದನ್ನು ಮೊದಲ ಪದದಲ್ಲೇ ತಿಳಿಸಿ. ‘ನೀವು ಇಲ್ಲಿ ತಪ್ಪು ಮಾಡಿದ್ದೀರಿ’ ಎಂಬುದಕ್ಕೂ ‘ಪಟ್ಟಿ ಖಾಲಿಯಿದ್ದರೆ ಈ ಸಾಲು ಏನು ಮಾಡುತ್ತದೆ?’ ಎಂಬುದಕ್ಕೂ ಇರುವ ವ್ಯತ್ಯಾಸದಲ್ಲಿ ಹೊಸಬರೊಬ್ಬರು ಮುಂದಿನ ಸಲ ಪ್ರಶ್ನೆ ಕೇಳುತ್ತಾರೋ ಇಲ್ಲವೋ ಎಂಬುದು ಅಡಗಿದೆ. ಖಾಲಿ ಜಾಗ ಬಿಡುವುದು, ಆವರಣ ಚಿಹ್ನೆ ಇತ್ಯಾದಿಗಳ ಚರ್ಚೆಯನ್ನು, ಕೋಡಿನ ಜೋಡಣೆಯನ್ನು ತಾನಾಗಿ ತಿದ್ದುವ ಫಾರ್ಮ್ಯಾಟರ್ ಎಂಬ ಸಾಧನಕ್ಕೆ ಒಪ್ಪಿಸಿಬಿಡಿ. ಹಿರಿಯರ ಕೋಡನ್ನು ಕಿರಿಯರು ರಿವ್ಯೂ ಮಾಡುವುದು ನಿಯಮವಾಗಿಯೇ ಇರಲಿ.

ಫಲ ಕೊಡುವ ರೆಟ್ರೋಸ್ಪೆಕ್ಟಿವ್

ಎಲ್ಲ ಸಭೆಗಳನ್ನು ಬಿಟ್ಟು ಒಂದನ್ನು ಮಾತ್ರ ಉಳಿಸಿಕೊಳ್ಳಬೇಕಾದರೆ ನಾನು ರೆಟ್ರೋಸ್ಪೆಕ್ಟಿವ್ ಅನ್ನೇ, ಅಂದರೆ ತಂಡ ತನ್ನ ಕೆಲಸದ ರೀತಿಯನ್ನು ಹಿಂತಿರುಗಿ ನೋಡುವ ಸಭೆಯನ್ನೇ ಉಳಿಸಿಕೊಳ್ಳುತ್ತೇನೆ. ಬಹಳಷ್ಟು ತಂಡಗಳು ಇದನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಿಬಿಡುವುದಕ್ಕೆ ನಾನು ಕಂಡ ಕಾರಣ ಒಂದೇ: ಪ್ರತಿ ಸಲ ಹತ್ತಾರು ದೂರುಗಳು ಬರುತ್ತವೆ, ಗೋಡೆ ತುಂಬ ಚೀಟಿಗಳು ಅಂಟುತ್ತವೆ, ಆದರೆ ಮುಂದಿನ ಸಲಕ್ಕೆ ಒಂದೂ ಬದಲಾಗಿರುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ ಎಂಬ ಅನುಭವವು ಹೇಳಲು ಭಯ ಎಂಬುದರಷ್ಟೇ ಬೇಗ ಜನರ ಬಾಯಿ ಕಟ್ಟುತ್ತದೆ.

ಆದ್ದರಿಂದ ಸಭೆಯನ್ನು ಕಳೆದ ಸಲ ಒಪ್ಪಿಕೊಂಡ ಬದಲಾವಣೆ ಏನಾಯಿತು ಎಂಬುದರಿಂದಲೇ ಆರಂಭಿಸಿ. ಆಮೇಲೆ ಹತ್ತು ನಿಮಿಷ ಎಲ್ಲರೂ ಮೌನವಾಗಿ ಬರೆಯಲಿ. ಮೊದಲು ಬರಹ, ನಂತರ ಮಾತು ಎಂಬ ಕ್ರಮದಿಂದ ಸಭೆಯಲ್ಲಿ ಸಲೀಸಾಗಿ ಮಾತನಾಡದವರ ವಿಚಾರಗಳೂ ಮೇಜಿನ ಮೇಲೆ ಬರುತ್ತವೆ. ಒಂದೇ ಬಗೆಯವನ್ನು ಗುಂಪು ಮಾಡಿ, ಮತ ಹಾಕಿ, ಒಂದು ಅಥವಾ ಹೆಚ್ಚೆಂದರೆ ಎರಡು ವಿಷಯಗಳನ್ನು ಮಾತ್ರ ಆಳವಾಗಿ ಚರ್ಚಿಸಿ. ಕೊನೆಯಲ್ಲಿ ಒಂದು ಬದಲಾವಣೆಯನ್ನು ಮಾತ್ರ ಆರಿಸಿ, ಅದಕ್ಕೆ ಒಬ್ಬರ ಹೆಸರು ಮತ್ತು ಒಂದು ದಿನಾಂಕ ಹಚ್ಚಿ, ಉಳಿದ ಕೆಲಸಗಳಂತೆಯೇ ಕಾರ್ಡ್ ಮಾಡಿ, ಬಾಕಿ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ಗೆ ಸೇರಿಸಿ. ‘ಸಂವಹನ ಸುಧಾರಿಸಬೇಕು’ ಎಂಬುದು ಬದಲಾವಣೆಯಾಗಲಾರದು. ‘ಮುಂದಿನ ಎರಡು ವಾರ ಪ್ರತಿ ಹೊಸ ಕೆಲಸ ಆರಂಭವಾಗುವ ಮುನ್ನ ಕೋಡ್ ಬರೆಯುವವರು, ಟೆಸ್ಟರ್ ಮತ್ತು ಪ್ರೊಡಕ್ಟ್ ಓನರ್ ಮೂವರೂ 15 ನಿಮಿಷ ಕುಳಿತು ಉದಾಹರಣೆಗಳನ್ನು ಬರೆಯುತ್ತಾರೆ’ ಎಂಬುದು ಆಗುತ್ತದೆ, ಏಕೆಂದರೆ ಅದು ನಡೆಯಿತೋ ಇಲ್ಲವೋ ಎಂದು ಎರಡು ವಾರದ ನಂತರ ಕೇಳಬಹುದು. ನಡೆಸಿಕೊಡುವ ಜವಾಬ್ದಾರಿ ಪ್ರತಿ ಸಲ ಬೇರೆಯವರಿಗೆ ಹೋಗಲಿ. ತಂಡದವರ ವೇತನ ಮತ್ತು ಬಡ್ತಿಯನ್ನು ನಿರ್ಧರಿಸುವ ಮ್ಯಾನೇಜರ್ ಕೋಣೆಯಲ್ಲಿರಬೇಕೇ ಎಂಬುದನ್ನು ತಂಡವೇ ನಿರ್ಧರಿಸಲಿ, ಬೇಡವೆಂದರೆ ಅದನ್ನು ಅವಮಾನವೆಂದು ಭಾವಿಸಬೇಡಿ.

ಅನಾಹುತವಾದ ಮೇಲೆ

2017ರ ಜನವರಿ 31ರಂದು, ಕೋಡ್ ಇಟ್ಟುಕೊಳ್ಳುವ ಸೇವೆ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಎಂಜಿನಿಯರ್ ಒಬ್ಬರು ತೊಂದರೆಯೊಂದನ್ನು ಬಗೆಹರಿಸುವ ಭರದಲ್ಲಿ ಬೇರೆ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸ್‌ನ ಕಡತಗಳನ್ನೇ ಅಳಿಸಿದರು. ಮರಳಿ ಪಡೆಯಲು ಹೊರಟಾಗ ಅವಲಂಬಿಸಿದ್ದ ಬ್ಯಾಕಪ್ ಉಪಾಯಗಳು ಒಂದರ ಹಿಂದೊಂದು ಕೈಕೊಟ್ಟವು, ಕೊನೆಗೆ ಸುಮಾರು 6 ಗಂಟೆ ಹಿಂದಿನ ಪ್ರತಿಯೊಂದರಿಂದ ಸೇವೆಯನ್ನು ಮರಳಿ ಕಟ್ಟಬೇಕಾಯಿತು. ಸಂಸ್ಥೆ ಈ ಘಟನೆಯ ಪೂರ್ಣ ವಿವರವನ್ನು ಸಾರ್ವಜನಿಕವಾಗಿ ಪ್ರಕಟಿಸಿತು. ಅದರಲ್ಲಿ ನನ್ನ ಗಮನ ಸೆಳೆದ ಸಂಗತಿಯೆಂದರೆ, ಬ್ಯಾಕಪ್ ವಿಫಲವಾದಾಗ ಬರಬೇಕಿದ್ದ ಎಚ್ಚರಿಕೆಯ ಇಮೇಲ್‌ಗಳು ಸರಿಯಾದ ಡಿಜಿಟಲ್ ಸಹಿ ಇಲ್ಲದ ಕಾರಣ ಸ್ವೀಕರಿಸುವ ಕಡೆ ತಿರಸ್ಕೃತವಾಗುತ್ತಿದ್ದವು. ಕೆಟ್ಟ ಸುದ್ದಿ ಪ್ರತಿದಿನ ಹೊರಡುತ್ತಿತ್ತು, ಯಾರನ್ನೂ ತಲುಪುತ್ತಿರಲಿಲ್ಲ. ಅಳಿಸಿದ ಒಬ್ಬರನ್ನು ಶಿಕ್ಷಿಸಿ ಕಡತ ಮುಚ್ಚಿದ್ದರೆ ಈ ಬಿರುಕು ಹಾಗೆಯೇ ಉಳಿಯುತ್ತಿತ್ತು.

ನಿಮ್ಮ ತಂಡದಲ್ಲೂ ಘಟನೆಯಾದ ಕೆಲವೇ ದಿನಗಳೊಳಗೆ, ನೆನಪು ಹಸಿಯಾಗಿರುವಾಗಲೇ ವಿಮರ್ಶೆ ನಡೆಸಿ. ಮೊದಲು ಸಮಯದ ಕ್ರಮದಲ್ಲಿ ನಡೆದದ್ದನ್ನು ಬರೆಯಿರಿ. ಪ್ರತಿ ನಿರ್ಧಾರದ ಬಳಿ ನಿಂತು, ಆ ಹೊತ್ತಿನಲ್ಲಿ ಅವರಿಗೆ ಏನು ಗೊತ್ತಿತ್ತು, ಅದು ಏಕೆ ಸರಿಯೆಂದು ತೋರಿತು ಎಂದು ಕೇಳಿ. ‘ಯಾರು’ ಎಂಬ ಪ್ರಶ್ನೆ ಬಂದಾಗ ಅದನ್ನು ‘ಹೇಗೆ ಸಾಧ್ಯವಾಯಿತು’ ಎಂದು ತಿರುಗಿಸಿ. ‘ಇನ್ನು ಮುಂದೆ ಎಚ್ಚರ ವಹಿಸುತ್ತೇವೆ’ ಎಂಬುದನ್ನು ಪರಿಹಾರವೆಂದು ಒಪ್ಪಬೇಡಿ, ದಣಿದಿರುವ ಮನುಷ್ಯನೂ ಅದೇ ತಪ್ಪನ್ನು ಮಾಡಲಾಗದಂತೆ ವ್ಯವಸ್ಥೆಯಲ್ಲಿ ಏನು ಬದಲಿಸಬಹುದೆಂದು ಹುಡುಕಿ.

ಅಳತೆಗಳ ಬಗ್ಗೆ

ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರಕ್ಕೆ ಕೊಡುವ ಅಂಕ) ಮತ್ತು ವೆಲಾಸಿಟಿ (ಒಂದು ಸ್ಪ್ರಿಂಟ್‌ನಲ್ಲಿ ಮುಗಿಯುವ ಅಂಕಗಳ ಮೊತ್ತ) ತಂಡದೊಳಗಿನ ಅಂದಾಜಿಗೆ ಮಾತ್ರ. ಅವುಗಳಿಂದ ಎರಡು ತಂಡಗಳನ್ನು ಹೋಲಿಸಿದ ದಿನವೇ ಅಂಕಿಗಳು ಉಬ್ಬಲು ಆರಂಭಿಸುತ್ತವೆ. ಅಳತೆಯೊಂದನ್ನು ಗುರಿಯಾಗಿಸಿದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲವೆಂಬ ತಿಳಿವಳಿಕೆ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಹೊರಗಿನವರಿಗೆ ತೋರಿಸಲು ಅಂಕಿಗಳು ಬೇಕೇಬೇಕೆಂದಿದ್ದರೆ, ಸಾಫ್ಟ್‌ವೇರ್ ತಂಡಗಳ ಸಾಧನೆಯನ್ನು ಅಧ್ಯಯನ ಮಾಡುವ ಡೋರಾ ಸಂಶೋಧನೆಯಿಂದ ಹೆಸರಾದ ನಾಲ್ಕನ್ನು ಬಳಸಿ: ಎಷ್ಟು ಸಲ ಡಿಪ್ಲಾಯ್ ಮಾಡುತ್ತೀರಿ (ಹೊಸ ಕೋಡನ್ನು ಪ್ರೊಡಕ್ಷನ್‌ಗೆ ಇಳಿಸುತ್ತೀರಿ), ಬರೆದ ಬದಲಾವಣೆ ಪ್ರೊಡಕ್ಷನ್ ತಲುಪಲು ಎಷ್ಟು ಕಾಲ ಬೇಕು, ಬದಲಾವಣೆಗಳಲ್ಲಿ ಎಷ್ಟು ಪಾಲು ತೊಂದರೆ ತರುತ್ತದೆ, ತೊಂದರೆಯಾದಾಗ ಸೇವೆ ಮರಳಲು ಎಷ್ಟು ಹೊತ್ತು. ವೇಗ ಹೆಚ್ಚಿದರೆ ಸ್ಥಿರತೆ ಕುಗ್ಗುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ಎರಡೂ ಒಟ್ಟಿಗೆ ಸುಧಾರಿಸಬಲ್ಲವು ಎಂಬುದು ಆ ಸಂಶೋಧನೆಯ ಮುಖ್ಯ ಕಾಣಿಕೆ.

ಇವೆಲ್ಲವನ್ನೂ ಒಟ್ಟಿಗೆ ಆರಂಭಿಸಬೇಡಿ. ಮೊದಲ ತಿಂಗಳು ಅಳತೆ ಮತ್ತು ಮುಂದಾಳುವಿನ ನಡತೆಗೆ ಮೀಸಲಿರಲಿ. ಎರಡನೆಯ ತಿಂಗಳು ಸೀಳುವುದನ್ನೂ ಮಿತಿಯನ್ನೂ ತನ್ನಿ. ಉಳಿದದ್ದನ್ನು ರೆಟ್ರೋಸ್ಪೆಕ್ಟಿವ್‌ಗಳಲ್ಲಿ ತಂಡವೇ ಒಂದೊಂದಾಗಿ ಆರಿಸಿಕೊಳ್ಳಲಿ. ಆರು ತಿಂಗಳ ನಂತರ ಮತ್ತೆ ಮೂರು ನಾಲ್ಕು ಘಟನೆಗಳನ್ನು ಆರಿಸಿ, ಮೊದಲಿನಂತೆಯೇ ಎರಡು ದಿನಾಂಕಗಳನ್ನು ಬರೆದು, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ.